ಜೋಡಿಯ ಇನ್ನೊಬ್ಬ ಹುಡುಗಿ

ಮೊನ್ನೆ ಯಾರೋ ಒಂದು ರೀಲ್ ಕಳಿಸಿದ್ದರು. ಫಿಲಿಪ್ಪೀನ್ಸ್‌ನಲ್ಲಿ ಮಿಷನರಿ ಆಗಿರುವ ಅಮೆರಿಕದ ಹುಡುಗಿಯೊಬ್ಬಳು ತನ್ನ ದಿನಚರಿ ತೋರಿಸುತ್ತಾಳೆ. ಬಕೆಟ್‌ನಲ್ಲಿ ನೀರು ಹಿಡಿದು ಮಗ್‌ನಿಂದ ಮೈಮೇಲೆ ಹಾಕಿಕೊಳ್ಳಬೇಕು ಅನ್ನುವುದೇ ಅವಳಿಗೆ ದೊಡ್ಡ ಸಾಹಸ. ಹಾಗೆ ನೋಡಿದರೆ ನಾವೆಲ್ಲ ಹುಟ್ಟಿದಾಗಿನಿಂದ ಮಿಷನರಿಗಳೇ! ಕೆಳಗೆ ಕಾಮೆಂಟ್‌ನಲ್ಲಿ ಅರ್ಧ ಜನ "ಎಂಥಾ ತ್ಯಾಗ" ಅಂತ ಬರೆದಿದ್ದರು. ಇನ್ನರ್ಧ ಜನ "ಮತಾಂತರ ಮಾಡೋಕೆ ಬಂದವರು" ಅಂತ ಬೈದಿದ್ದರು. ಅದೇ ವೀಡಿಯೊದಲ್ಲಿ ಹಿಂದೆ ನಿಂತು ಅನ್ನದ ಪಾತ್ರೆ ನೋಡಿಕೊಳ್ಳುತ್ತಿದ್ದ ಇನ್ನೊಬ್ಬ ಹುಡುಗಿಯ ಬಗ್ಗೆ ಮಾತ್ರ ಯಾರೂ ಒಂದಕ್ಷರ ಬರೆದಿರಲಿಲ್ಲ. ನಾನು ಬರೆಯಬೇಕೆಂದಿರುವುದು ಅವಳಂಥವರ ಬಗ್ಗೆ.

ನಾನು ಮೆಡಿಕಲ್ ಓದಿದ್ದು ದಾವಾವ್‌ನಲ್ಲಿ. ಫಿಲಿಪ್ಪೀನ್ಸ್‌ನ ದಕ್ಷಿಣಕ್ಕೆ, ಮಿಂದನಾವ್ ದ್ವೀಪದ ದೊಡ್ಡ ಊರು ಅದು. ನಮ್ಮ ದೇಶದ ಮಕ್ಕಳು ಅಲ್ಲಿ ಬೇಕಾದಷ್ಟು ಜನ ಓದುತ್ತಾರೆ. ನಾವು ಹುಡುಗಿಯರು ಸೇರಿ ಬಾಡಿಗೆಗೆ ಹಿಡಿದಿದ್ದ ಮನೆಯ ಪಕ್ಕದ ಮನೆ "ಸಿಸ್ಟರ್"ಗಳದ್ದು. ಕಾನ್ವೆಂಟಿನ ಸಿಸ್ಟರ್ ಅಲ್ಲ, ನರ್ಸೂ ಅಲ್ಲ. ಲ್ಯಾಟರ್ ಡೇ ಸೇಂಟ್ಸ್ ಚರ್ಚಿನ ಹುಡುಗಿಯರು. ಜನ ಮಾರ್ಮನ್ ಅನ್ನುತ್ತಾರಲ್ಲ, ಅವರೇ. 1830ರಲ್ಲಿ ಅಮೆರಿಕದಲ್ಲಿ ಜೋಸೆಫ್ ಸ್ಮಿತ್ ಶುರು ಮಾಡಿದ ಚರ್ಚು. ಈಗ ಅದರ ಕೇಂದ್ರ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿದೆ. ಈ ಚರ್ಚಿನ ಹುಡುಗರು ಎರಡು ವರ್ಷ, ಹುಡುಗಿಯರು ಒಂದೂವರೆ ವರ್ಷ ಮಿಷನ್‌ಗೆ ಹೋಗುತ್ತಾರೆ. ನಾನು ಅಲ್ಲಿದ್ದಾಗ ವಯಸ್ಸಿನ ಮಿತಿ ಹುಡುಗರಿಗೆ 18, ಹುಡುಗಿಯರಿಗೆ 19 ಇತ್ತು, 2012ರಲ್ಲಿ ಇಳಿಸಿದ್ದು. ಯಾವ ಊರು, ಯಾವ ದೇಶ ಅಂತ ಅವರು ಆರಿಸುವ ಹಾಗಿಲ್ಲ, ಚರ್ಚು ಕಳಿಸಿದ ಕಡೆ ಹೋಗಬೇಕು. ಸಂಬಳ ಇಲ್ಲ. ಉಲ್ಟಾ ಮನೆಯವರೇ ದುಡ್ಡು ಕಟ್ಟಬೇಕು, ಅಮೆರಿಕದವರಾದರೆ 2020ರಿಂದ ತಿಂಗಳಿಗೆ 500 ಡಾಲರ್. ಕಟ್ಟುವ ಶಕ್ತಿ ಇಲ್ಲದವರಿಗೆ ಚರ್ಚಿನ ನಿಧಿಯಿಂದ ನೆರವು ಸಿಗುತ್ತದೆ.

ಪಕ್ಕದ ಮನೆಯಲ್ಲಿ ಇಬ್ಬರಿದ್ದರು. ಒಬ್ಬಳು ಅಮೆರಿಕದ ಐಡಹೋದವಳು. ಇನ್ನೊಬ್ಬಳು ಫಿಲಿಪ್ಪೀನ್ಸ್‌ನವಳೇ, ಆದರೆ ದೂರದ ಉತ್ತರದ ಇಲೋಕೋಸ್ ಕಡೆಯವಳು. ಇಬ್ಬರೂ ಯಾವಾಗಲೂ ಜೊತೆಯಲ್ಲೇ ಇರಬೇಕು ಅನ್ನುವುದು ನಿಯಮ. ಬಚ್ಚಲು ಬಿಟ್ಟರೆ ಬೇರೆಲ್ಲೂ ಒಬ್ಬಳೇ ಇರುವ ಹಾಗಿಲ್ಲ. ನಾವು ರೂಮ್‌ಮೇಟ್ ಜೊತೆ ಜಗಳ ಆದರೆ ಬಾಗಿಲು ದಡಾರಂತ ಹಾಕಿಕೊಂಡು ಹೊರಗೆ ಹೋಗುತ್ತೇವೆ. ಇವರು ಜಗಳ ಆದರೂ ಜೊತೆಯಲ್ಲೇ ಹೊರಗೆ ಹೋಗಬೇಕು!

ಬೆಳಗ್ಗೆ ಆರೂವರೆಗೆ ಏಳುತ್ತಿದ್ದರು. ಅರ್ಧ ಗಂಟೆ ವ್ಯಾಯಾಮ, ಆಮೇಲೆ ಓದು, ಭಾಷೆ ಕಲಿಕೆ. ಹತ್ತು ಗಂಟೆ ಹೊತ್ತಿಗೆ ಬೀದಿಗೆ. ರಾತ್ರಿ ಹತ್ತೂವರೆಗೆ ದೀಪ ಆರುತ್ತಿತ್ತು. ಸಿನಿಮಾ ಇಲ್ಲ, ಹುಡುಗರ ಜೊತೆ ಓಡಾಟ ಇಲ್ಲ, ಟೀ ಕಾಫಿ ಇಲ್ಲ. ಈಜುವಂತೆಯೂ ಇಲ್ಲ. ಏಳು ಸಾವಿರಕ್ಕೂ ಜಾಸ್ತಿ ದ್ವೀಪಗಳಿರುವ ದೇಶದಲ್ಲಿ, ಎದುರಿಗೇ ಸಮುದ್ರ ಇಟ್ಟುಕೊಂಡು, ನೀರಿಗೆ ಇಳಿಯುವಂತಿಲ್ಲ. ಮನೆಗೆ ಫೋನ್ ಮಾಡುವುದಕ್ಕೂ ಮೊದಲು ವರ್ಷಕ್ಕೆ ಎರಡೇ ಸಲ ಅವಕಾಶ ಇತ್ತಂತೆ, ಕ್ರಿಸ್‌ಮಸ್‌ಗೆ ಮತ್ತು ತಾಯಂದಿರ ದಿನಕ್ಕೆ. 2019ರ ಫೆಬ್ರುವರಿಯಿಂದ ವಾರಕ್ಕೊಮ್ಮೆ ಮಾತಾಡಬಹುದು ಅಂತಾಯಿತು. ಸೋಮವಾರ ಅವರ ಬಿಡುವಿನ ದಿನ. ಬಿಡುವು ಅಂದರೆ ಬಟ್ಟೆ ಒಗೆಯುವುದು, ಸಂತೆಗೆ ಹೋಗುವುದು, ಮನೆಗೆ ಫೋನ್.

ಬಟ್ಟೆಯದ್ದೇ ಒಂದು ಕಥೆ. ದಾವಾವ್‌ಗೆ ಚಂಡಮಾರುತ ಅಷ್ಟಾಗಿ ಬರುವುದಿಲ್ಲ, ಆದರೆ ಮಳೆ ವರ್ಷಪೂರ್ತಿ. ಬೆಳಗ್ಗೆ ಸುಡುವ ಬಿಸಿಲು, ಮಧ್ಯಾಹ್ನ ಮೂರಕ್ಕೆ ಮೋಡ, ನಾಲ್ಕಕ್ಕೆ ಸುರಿಮಳೆ. ಒಗೆದದ್ದು ಒಣಗುವುದೇ ಇಲ್ಲ. ಐಡಹೋದವಳು ತಂದಿದ್ದ ಒಳ್ಳೆಯ ಲಂಗಗಳೆಲ್ಲ ಬೂಷ್ಟು ಹಿಡಿದವು. ಇಲೋಕೋಸ್‌ನವಳು ಫ್ಯಾನಿನ ಮುಂದೆ ಹಗ್ಗ ಕಟ್ಟಿ ಒಣಗಿಸುವುದು ಹೇಗೆ ಅಂತ ತೋರಿಸಿಕೊಟ್ಟಳು. ಸೊಳ್ಳೆ ಪರದೆ ಕಟ್ಟಿದ್ದೂ ಅವಳೇ. 2019ರಲ್ಲಿ ಫಿಲಿಪ್ಪೀನ್ಸ್ ಸರ್ಕಾರ ಡೆಂಗಿಯನ್ನು ರಾಷ್ಟ್ರೀಯ ಸಾಂಕ್ರಾಮಿಕ ಅಂತ ಘೋಷಿಸಿತ್ತು. ನಮ್ಮ ಆಸ್ಪತ್ರೆಯ ವಾರ್ಡುಗಳಲ್ಲಿ ಮಕ್ಕಳು ತುಂಬಿದ್ದರು. ಇವರಿಬ್ಬರು ಮಾತ್ರ ಸಂಜೆ ಸೊಳ್ಳೆ ಹೊತ್ತಿನಲ್ಲೇ ಮನೆ ಮನೆ ಸುತ್ತುತ್ತಿದ್ದರು. ಜನ ಮನೆಯಲ್ಲಿ ಸಿಗುವುದು ಆ ಹೊತ್ತಿಗೇ ಅಲ್ವಾ?

ನನ್ನ ಮಾತು ಇಲ್ಲಿಂದ ಶುರು. ಬೀದಿಯಲ್ಲಿ ಇಬ್ಬರೂ ನಡೆದು ಬಂದರೆ ಮಕ್ಕಳು "ಅಮೆರಿಕಾನಾ! ಅಮೆರಿಕಾನಾ!" ಅಂತ ಕೂಗುತ್ತಿದ್ದವು. ಆ ಕುತೂಹಲಕ್ಕೇ ಬಾಗಿಲು ತೆರೆಯುತ್ತಿತ್ತು. ಒಳಗೆ ಹೋಗಿ ಕೂತ ಮೇಲೆ ಮಾತೆಲ್ಲ ಆಡಬೇಕಾದವಳು ಇನ್ನೊಬ್ಬಳು. ಐಡಹೋದವಳು "ಮಾಯೊಂಗ್ ಹಾಪೊನ್" ಅಂತ ಒಂದು ನಮಸ್ಕಾರ ಹೇಳಿದರೆ ಮನೆಯವರೆಲ್ಲ ಚಪ್ಪಾಳೆ ತಟ್ಟುತ್ತಿದ್ದರು. ಇಲೋಕೋಸ್‌ನವಳು ಅಲ್ಲಿನವರ ಬಿಸಾಯಾ ಭಾಷೆಯಲ್ಲಿ ಕಾಲು ಗಂಟೆ ಮಾತಾಡಿ ಒಂದು ಪದ ತಪ್ಪಿದರೆ ನಗುತ್ತಿದ್ದರು. ಅವಳ ಮನೆಮಾತು ಇಲೋಕಾನೊ, ಶಾಲೆಯಲ್ಲಿ ಕಲಿತದ್ದು ಟಗಾಲೊಗ್ ಮತ್ತು ಇಂಗ್ಲಿಷ್. ಬಿಸಾಯಾ ಅವಳಿಗೂ ಹೊಸದೇ. ಬೀದರಿನ ಹುಡುಗಿ ಮಂಗಳೂರಿಗೆ ಕೆಲಸಕ್ಕೆ ಬಂದಾಗ "ಕರ್ನಾಟಕದವಳೇ ಅಲ್ವಾ, ತುಳು ಬರಲ್ವಾ?" ಅಂತ ಕೇಳಿದ ಹಾಗೆ. ಪರದೇಶದವಳು ಕಲಿತರೆ ಸಾಧನೆ, ಸ್ವದೇಶದವಳು ಕಲಿತರೆ "ಅದರಲ್ಲೇನಿದೆ".

ಅಡುಗೆ, ಚೌಕಾಸಿ, ಮನೆ ಮಾಲೀಕಳ ಜೊತೆ ನೀರಿನ ಬಿಲ್ಲಿನ ಜಗಳ, ಜೀಪ್ನಿ ಅನ್ನುವ ಅಲ್ಲಿನ ಶೇರ್ ಜೀಪಿನಲ್ಲಿ ಎಲ್ಲಿ ಇಳಿಯಬೇಕು ಅನ್ನುವುದು, ಯಾವ ಓಣಿಯಲ್ಲಿ ಕತ್ತಲಾದ ಮೇಲೆ ಹೋಗಬಾರದು ಅನ್ನುವುದು, ಎಲ್ಲ ಅವಳ ತಲೆಮೇಲೆ. ನಮ್ಮಿಬ್ಬರಿಗೆ ಗೆಳೆತನ ಆದದ್ದು ಅಡುಗೆಯಿಂದಲೇ. ಅಲ್ಲಿ ಶುಕ್ರವಾರ ಬಂದರೆ ಎಷ್ಟೋ ಮನೆಗಳಲ್ಲಿ ಮೊಂಗೊ ಮಾಡುತ್ತಾರೆ. ಮೊಂಗೊ ಅಂದರೆ ಹೆಸರುಕಾಳು. ಅದಕ್ಕೆ ಮಲುಂಗಾಯ್ ಅಂತ ಸೊಪ್ಪು ಹಾಕುತ್ತಾರೆ. ನೋಡಿದರೆ ನುಗ್ಗೆಸೊಪ್ಪು! ನಮ್ಮ ಹಿತ್ತಲಲ್ಲಿ ನುಗ್ಗೆಮರ ಇತ್ತು, ಅವಳು ಗೋಡೆ ಆಚೆಯಿಂದ ಸೊಪ್ಪು ಕೇಳುತ್ತಿದ್ದಳು. ಮೀನು, ಹಂದಿಮಾಂಸ ಹಾಕದೆ ನನಗೊಂದು ಬಟ್ಟಲು ಬೇರೆ ತೆಗೆದಿಡುತ್ತಿದ್ದಳು. ನಾನು ಒಗ್ಗರಣೆ ಹಾಕಿ ವಾಪಸ್ ಕೊಟ್ಟಾಗ ಸಾಸಿವೆ ನೋಡಿ ಇರುವೆ ಬಿದ್ದಿದೆ ಅಂದುಕೊಂಡಳು. ಇರಲಿ, ಊಟದ ಮಾತು ಶುರು ಮಾಡಿದರೆ ನಾನು ನಿಲ್ಲಿಸುವುದಿಲ್ಲ.

ನಮ್ಮಲ್ಲೂ ಹೀಗೇ ಆಗಿದೆ ಅನ್ನಿಸುತ್ತದೆ. ಕಿಟೆಲ್ ಅಂದರೆ ನಮಗೆ ನೆನಪಾಗುವುದು ಉದ್ದ ಗಡ್ಡದ ಹಿರಿಯರು. ಆದರೆ ಬಾಸೆಲ್ ಮಿಷನ್ ಅವರನ್ನು ಇಲ್ಲಿಗೆ ಕಳಿಸಿದ್ದು 1853ರಲ್ಲಿ, ಆಗ ಅವರಿಗೆ 21 ವರ್ಷ. ಪಕ್ಕದ ಮನೆಯ ಹುಡುಗಿಯರ ವಯಸ್ಸೇ ಹೆಚ್ಚುಕಮ್ಮಿ. ನಿಘಂಟು ಅಚ್ಚಾಗಿದ್ದು 1894ರಲ್ಲಿ. ಆ ಕೆಲಸ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಷ್ಟು ವರ್ಷ ಅವರ ಜೊತೆ ಕೂತು ಪದಗಳ ಅರ್ಥ ಬಿಡಿಸಿ ಹೇಳಿದ ಇಲ್ಲಿನ ಪಂಡಿತರಲ್ಲಿ ಒಬ್ಬರ ಹೆಸರನ್ನಾದರೂ ನಮ್ಮಲ್ಲಿ ಎಷ್ಟು ಜನ ಥಟ್ಟಂತ ಹೇಳುತ್ತೀರಿ?

ಆ ಚರ್ಚಿನ ಬಗ್ಗೆ ನನಗೆ ತಕರಾರೂ ಇದೆ. ಸುಮಾರು ಆರು ವಾರಕ್ಕೊಮ್ಮೆ ವರ್ಗಾವಣೆಯ ಪಟ್ಟಿ ಬರುತ್ತದೆ. ಯಾರ ಜೋಡಿ ಬದಲಾಗುತ್ತದೆ, ಯಾರು ಬೇರೆ ಊರಿಗೆ ಹೋಗುತ್ತಾರೆ ಅಂತ ಆಗಲೇ ಗೊತ್ತಾಗುವುದು. ಎದುರು ಮನೆಯಲ್ಲಿ ಒಬ್ಬರು ವಯಸ್ಸಾದ ಅಜ್ಜಿ ಇದ್ದರು. ಮಕ್ಕಳೆಲ್ಲ ಗಲ್ಫ್‌ನಲ್ಲಿ. ಈ ಹುಡುಗಿಯರಿಗಿಂತ ಮೊದಲು ಅದೇ ಮನೆಯಲ್ಲಿದ್ದ ಜೋಡಿ ಅಜ್ಜಿಯ ಮನೆಗೆ ವಾರಕ್ಕೆ ಎರಡು ಮೂರು ಸಲ ಹೋಗಿ, ನೀರು ತುಂಬಿಸಿಕೊಟ್ಟು, ಕೈ ಹಿಡಿದು ಪ್ರಾರ್ಥನೆ ಮಾಡಿ, ಕೊನೆಗೆ ದೀಕ್ಷಾಸ್ನಾನ ಮಾಡಿಸಿತು. ಅಜ್ಜಿ ಒಪ್ಪಿದ್ದು ಧರ್ಮವನ್ನೋ, ಆ ಹುಡುಗಿಯರನ್ನೋ? ನನ್ನ ಪ್ರಕಾರ ಹುಡುಗಿಯರನ್ನು. ಆಮೇಲೆ ಒಂದು ದಿನ ಪಟ್ಟಿ ಬಂತು, ಇಬ್ಬರೂ ಹೋದರು. ಹೊಸಬರು ಬಂದರು, ಒಳ್ಳೆಯವರೇ. ಆದರೆ ಅಜ್ಜಿ ಹಳಬರ ಹೆಸರು ಹಿಡಿದೇ ಇವರನ್ನು ಕರೆಯುತ್ತಿದ್ದರು. ಒಂಟಿ ಮನುಷ್ಯರ ಮನೆಗೆ ಮೊಮ್ಮಕ್ಕಳ ಹಾಗೆ ಹೋಗಿ, ನಂಬಿಕೆ ಗಳಿಸಿ, ಪಟ್ಟಿ ಬಂದ ಕೂಡಲೇ ಮಾಯವಾಗುವುದು ನನಗೆ ಸರಿ ಕಾಣುವುದಿಲ್ಲ. ವರ್ಗಾವಣೆಯಿಂದ ಹುಡುಗಿಯರಿಗೆ ಶಿಸ್ತು ಬರಬಹುದು, ಆದರೆ ಅದರ ಬೆಲೆ ಕಟ್ಟುವವರು ಅಜ್ಜಿಯಂಥವರು.

ಉಳಿದಂತೆ ಅಲ್ಲಿನ ಜನ ಅಷ್ಟು ಸುಲಭಕ್ಕೆ ಬಗ್ಗುವವರಲ್ಲ. ನೂರರಲ್ಲಿ ಸುಮಾರು 79 ಜನ ಕ್ಯಾಥೊಲಿಕರು. ಮುಖಕ್ಕೆ ಹೊಡೆದ ಹಾಗೆ "ಬೇಡ" ಅನ್ನುವುದಿಲ್ಲ. "ಹೌದು ಹೌದು, ಗುರುವಾರ ಬನ್ನಿ" ಅನ್ನುತ್ತಾರೆ. ಗುರುವಾರ ಹೋದರೆ ಮನೆಗೆ ಬೀಗ. ನಮ್ಮವರ ಹಾಗೇ. ಎಲ್ಲೇ ಹೋದರೂ ಪ್ಯಾಕೆಟ್ ಒಡೆದು ಬಿಸಿನೀರು ಹಾಕಿದ ಕಾಫಿ ಮೊದಲು ಬರುತ್ತದೆ. ಇವರು ಕುಡಿಯುವಂತಿಲ್ಲ. ಆಗ ಯಾವುದೋ ಮಗುವನ್ನು ಅಂಗಡಿಗೆ ಓಡಿಸಿ ಬೋರ್ನ್‌ವಿಟಾ ಥರದ ಮೈಲೋ ಪ್ಯಾಕೆಟ್ ತರಿಸುತ್ತಾರೆ. ದಿನಗೂಲಿ ಮಾಡುವ ಮನೆಯವರು. ಇಲೋಕೋಸ್‌ನವಳು ಅಂಥ ಕಡೆ ಹೊಟ್ಟೆ ತುಂಬಿದೆ ಅಂತ ಸುಳ್ಳು ಹೇಳುತ್ತಿದ್ದಳು. ಆ ಪ್ಯಾಕೆಟ್ಟಿನ ಬೆಲೆ ಆ ಮನೆಗೆ ಎಷ್ಟು ಅನ್ನುವುದು ಅವಳಿಗೆ ಗೊತ್ತಿತ್ತು. ಐಡಹೋದವಳಿಗೆ ಅದನ್ನು ಯಾರೋ ಹೇಳಿಕೊಡಬೇಕಿತ್ತು.

ಅವಳು ಟೀಚರ್ ಆಗಲು ಡಿಗ್ರಿ ಓದುತ್ತಿದ್ದವಳು, ಅರ್ಧಕ್ಕೆ ನಿಲ್ಲಿಸಿ ಬಂದಿದ್ದಳು. ಅಕ್ಕ ಹಾಂಗ್‌ಕಾಂಗ್‌ನಲ್ಲಿ ಮನೆಗೆಲಸ ಮಾಡಿ ಮನೆಗೆ ದುಡ್ಡು ಕಳಿಸುತ್ತಿದ್ದಳು. "ನಾನು ಇಲ್ಲಿ ಬೇರೆಯವರ ಮಕ್ಕಳ ಮೂಗು ಒರೆಸ್ತಿದ್ದೀನಿ, ನೀನು ಪುಸ್ತಕ ಹಿಡ್ಕೊಂಡು ಸುತ್ತಾಡ್ತೀಯ" ಅಂತ ಅಕ್ಕನ ಬೈಗುಳ ಸೋಮವಾರದ ಫೋನಿನಲ್ಲಿ ಗೋಡೆ ಆಚೆಗೂ ಕೇಳುತ್ತಿತ್ತು. ಐಡಹೋದವಳಿಗೆ ಊರಿಗೆ ಹೋದ ಮೇಲೆ ಕಾಲೇಜಿನ ಸೀಟು ಕಾದಿತ್ತು. ಇವಳಿಗೆ ಕಾದಿದ್ದು ಬಾಕಿ ಫೀಸು. ಎದೆಮೇಲೆ ಒಂದೇ ಥರದ ನಾಮಫಲಕ, ಒಂದೇ ನಿಯಮ, ಒಂದೇ ಗಂಟೆಗೆ ಏಳುವುದು ಮಲಗುವುದು. ಆದರೆ ಇಬ್ಬರೂ ಪಣಕ್ಕಿಟ್ಟಿದ್ದು ಒಂದೇ ಅಲ್ಲ.

ಹೀಗಂತ ಅವಳಿಗೇ ಹೇಳಿದೆ. ಮುಖ ಊದಿಸಿಕೊಂಡಳು. ಅವಳು ನನ್ನನ್ನು ಆತೆ ಅನ್ನುತ್ತಿದ್ದಳು, ಅಕ್ಕ ಅಂತ. "ಆತೆ, ನಿಮ್ಮಪ್ಪ ಸಾಲ ಮಾಡಿ ನಿಮ್ಮನ್ನ ಇಷ್ಟು ದೂರ ಕಳ್ಸಿದ್ದಾರೆ. ಅದು ಸರಿನಾ ಅಂತ ನಾನು ಯಾವತ್ತಾದ್ರೂ ಕೇಳಿದ್ನಾ?" ಅಂದಳು. ಕೇಳಿರಲಿಲ್ಲ, ನಿಜ. ಯಾರೂ ಅವಳನ್ನು ಎಳೆದು ತಂದಿರಲಿಲ್ಲ, ದೇವರ ಕೆಲಸ ಅಂತ ನಂಬಿಯೇ ಬಂದಿದ್ದಳು. ನನಗೆ ಆ ನಂಬಿಕೆ ಇಲ್ಲ ಅಂದ ಮಾತ್ರಕ್ಕೆ ಅವಳು ಮೋಸ ಹೋದಳು ಅನ್ನಲಾಗುವುದಿಲ್ಲ. ಆದರೂ ಲೆಕ್ಕ ಲೆಕ್ಕವೇ, ಅಲ್ವಾ?

ಆ ಲೆಕ್ಕ ಬಯಲಿಗೆ ಬಂದಿದ್ದು 2020ರ ಮಾರ್ಚ್‌ನಲ್ಲಿ. ಕೋವಿಡ್ ಅಂತ ಆ ಚರ್ಚು ಫಿಲಿಪ್ಪೀನ್ಸ್‌ನಲ್ಲಿದ್ದ ತನ್ನ ವಿದೇಶಿ ಮಿಷನರಿಗಳನ್ನೆಲ್ಲ ವಿಶೇಷ ವಿಮಾನಗಳಲ್ಲಿ ಹೊರಗೆ ಕಳಿಸಿತು. ಸಾಲ್ಟ್ ಲೇಕ್ ಸಿಟಿಯ ಏರ್‌ಪೋರ್ಟಿನಲ್ಲಿ ಮನೆಯವರು ಗುಂಪುಗುಂಪಾಗಿ ಕಾದು ನಿಂತಿದ್ದು ಆಗ ದೊಡ್ಡ ಸುದ್ದಿಯಾಗಿತ್ತು. ಐಡಹೋದವಳು ರಾತ್ರೋರಾತ್ರಿ ಸೂಟ್‌ಕೇಸ್ ತುಂಬಿಕೊಂಡು ಅಳುತ್ತಾ ಹೊರಟಳು. ಹೋಗಲು ಅವಳಿಗೆ ಒಂದು ಚೂರೂ ಮನಸ್ಸಿರಲಿಲ್ಲ, ಅದನ್ನೂ ಹೇಳಬೇಕು. ಅದೇ ವಾರ, ಮಾರ್ಚ್ 17ಕ್ಕೆ, ಭಾರತ ಸರ್ಕಾರ ಫಿಲಿಪ್ಪೀನ್ಸ್‌ನಿಂದ ಯಾರೂ ಬರುವ ಹಾಗಿಲ್ಲ ಅಂತ ಆದೇಶ ಹೊರಡಿಸಿತು. ನಾವು ಭಾರತದ ಹುಡುಗಿಯರು ಅಲ್ಲೇ ಸಿಕ್ಕಿಕೊಂಡೆವು. ಇಲೋಕೋಸ್‌ನವಳೂ ಅಲ್ಲೇ. ಅವಳ ಊರು ಅದೇ ದೇಶದಲ್ಲಿತ್ತು, ಆದರೆ ಹಡಗೂ ಇಲ್ಲ, ವಿಮಾನವೂ ಇಲ್ಲ.

ಬೇರೊಬ್ಬ ಸ್ಥಳೀಯ ಹುಡುಗಿಯನ್ನು ಅವಳ ಜೊತೆ ಹಾಕಿದರು. ಲಾಕ್‌ಡೌನ್ ಬಿಗಿಯಾದಾಗ ಮನೆಗೊಂದೇ ಪಾಸು, ಒಬ್ಬರೇ ಹೊರಗೆ ಹೋಗಬೇಕು. ಚರ್ಚಿನ ನಿಯಮ ನೋಡಿದರೆ ಒಬ್ಬಳೇ ಹೋಗುವಂತಿಲ್ಲ. ಕೊನೆಗೆ ನಮ್ಮ ಮನೆ ಪಾಸು ಹಿಡಿದು ನಾನು, ಅವರ ಮನೆ ಪಾಸು ಹಿಡಿದು ಅವಳು, ಒಂದೇ ಹೊತ್ತಿಗೆ ಗೇಟು ದಾಟುತ್ತಿದ್ದೆವು. ಪೊಲೀಸರ ಕಣ್ಣಿಗೆ ನಾವು ಬೇರೆ ಬೇರೆ. ಅವಳ ಲೆಕ್ಕದಲ್ಲಿ ಜೋಡಿ. ಎರಡು ಮಾರು ದೂರ ನಿಂತು ಅಕ್ಕಿ ಸಾಲಿನಲ್ಲಿ ಕಾಯುತ್ತಿದ್ದೆವು. ಅಜ್ಜಿಯ ಬಿಪಿ ಮಾತ್ರೆಯನ್ನೂ ಅವಳೇ ತಂದುಕೊಡುತ್ತಿದ್ದಳು. ಆ ತಿಂಗಳುಗಳಲ್ಲಿ ಅವಳು ಯಾರ ಬಾಗಿಲನ್ನೂ ಧರ್ಮದ ಮಾತಿಗೆ ತಟ್ಟಲಿಲ್ಲ. ನನ್ನನ್ನು ಕೇಳಿದರೆ, ಅವಳ ಮಿಷನ್‌ನಲ್ಲಿ ನಿಜವಾಗಿ ಕೆಲಸಕ್ಕೆ ಬಂದ ಕಾಲ ಅದೇ. ಅವಳು ಇದನ್ನೂ ಒಪ್ಪುವುದಿಲ್ಲ.

ಈಗ ಅವಳು ಊರಿನಲ್ಲಿ ಡಿಗ್ರಿ ಮುಗಿಸಿ ಟೀಚರ್ ಆಗಿದ್ದಾಳೆ. ಅಕ್ಕ ಇನ್ನೂ ಹಾಂಗ್‌ಕಾಂಗ್‌ನಲ್ಲೇ ಇದ್ದಾಳೆ, ಇನ್ನೂ ಬೈಯುತ್ತಾಳಂತೆ.

"ನಿಮ್ಮನ್ನು ಮತಾಂತರ ಮಾಡೋಕೆ ನೋಡಲಿಲ್ವಾ?" ಅಂತ ಹೇಗೂ ಕೇಳುತ್ತೀರಿ, ಮೊದಲೇ ಹೇಳಿಬಿಡುತ್ತೇನೆ. ನೋಡಿದಳು. ಪುಸ್ತಕ ಕೊಟ್ಟಳು. ಸ್ವಲ್ಪ ಓದಿದೆ, ನನಗೆ ಹಿಡಿಸಲಿಲ್ಲ, ಹಾಗಂತಲೇ ಹೇಳಿದೆ. ಸರಿ ಅಂದಳು. ಎರಡು ದಿನ ಬಿಟ್ಟು ನುಗ್ಗೆಸೊಪ್ಪು ಕೇಳಲು ಬಂದಳು. ಇದರ ಮೇಲೆ ಪ್ರಶ್ನೆ ಇದ್ದರೆ ಕೇಳಿ, ಉತ್ತರ ಕೊಡುತ್ತೇನೆ. ಬರೀ ಬೈಯುವುದಕ್ಕೇ ಬರುವುದಾದರೆ ಗುರುವಾರ ಬನ್ನಿ.