ಲಾಕ್‌ಡೌನೋ, ಭಯವೋ? ನಮಗೆ ಆಚೆ ದಡವೇ ಇರಲಿಲ್ಲ

ಕೋವಿಡ್‌ನಲ್ಲಿ ವ್ಯಾಪಾರ ಮಲಗಿದ್ದು ಜನರ ಭಯದಿಂದ, ಲಾಕ್‌ಡೌನ್‌ನ ಪಾಲು ಅಷ್ಟೇನಿಲ್ಲ ಅನ್ನುವ ವಾದವನ್ನು ಭಾರತಕ್ಕೂ ಹಚ್ಚಿ ಹೇಳುವವರಿದ್ದಾರೆ. ಇದು ತಪ್ಪು. ಈ ವಾದಕ್ಕೆ ಆಧಾರವಾದ ಅಮೆರಿಕದ ಮೂಲ ಸಂಶೋಧನೆ ಕೆಟ್ಟದ್ದು ಅಂತಲ್ಲ, ಅದು ನಡೆದ ರೀತಿಯೇ ನಮ್ಮಲ್ಲಿ ಸಾಧ್ಯವಿರಲಿಲ್ಲ.

ಅರ್ಥಶಾಸ್ತ್ರಜ್ಞರಾದ ಆಸ್ಟನ್ ಗೂಲ್ಸ್‌ಬೀ ಮತ್ತು ಚಾಡ್ ಸೈವರ್ಸನ್ 2020ರಲ್ಲಿ ಅಮೆರಿಕದ ಸುಮಾರು 22.5 ಲಕ್ಷ ಮಳಿಗೆಗಳಿಗೆ ಬಂದುಹೋಗುವವರನ್ನು ಮೊಬೈಲ್ ಓಡಾಟದ ಮಾಹಿತಿಯಿಂದ ಎಣಿಸಿದರು. ಮಿಸಿಸಿಪ್ಪಿ ನದಿಯ ಒಂದು ದಡದಲ್ಲಿ ಇಲಿನಾಯ್‌ನ ರಾಕ್ ಐಲ್ಯಾಂಡ್, ಇನ್ನೊಂದರಲ್ಲಿ ಅಯೋವಾದ ಡೇವನ್‌ಪೋರ್ಟ್. ಪೇಟೆ ಹೆಚ್ಚುಕಮ್ಮಿ ಒಂದೇ. ಇಲಿನಾಯ್‌ನಲ್ಲಿ ಮನೆಯಲ್ಲೇ ಇರಬೇಕೆಂಬ ಆದೇಶವಿತ್ತು, ಅಯೋವಾದಲ್ಲಿ ಇರಲಿಲ್ಲ. ಇಂಥ ಕಡೆಗಳಲ್ಲಿ ಒಂದೇ ಬಗೆಯ ಅಂಗಡಿಗಳನ್ನು ಒಂದೇ ವಾರದಲ್ಲಿ ಪಕ್ಕಪಕ್ಕ ಇಟ್ಟರೆ, ಭಯ ಎರಡೂ ಕಡೆ ಸಮ, ಮಿಕ್ಕ ವ್ಯತ್ಯಾಸ ಆದೇಶದ್ದು. ಗಿರಾಕಿಗಳ ಓಡಾಟದ ಒಟ್ಟು ಕುಸಿತ 60 ಶೇಕಡಾ ಅಂಶ, ಅದರಲ್ಲಿ ಆದೇಶದ ಪಾಲು 7 ಅಂಶ ಮಾತ್ರ. ಬ್ಯಾಂಕ್ ವಹಿವಾಟಿನ ಮೇಲೆ ನಡೆದ ಇನ್ನೊಂದು ಅಧ್ಯಯನದಲ್ಲೂ ಅಷ್ಟೇ: ಬಾಗಿಲು ಹಾಕದ ಸ್ವೀಡನ್‌ನಲ್ಲಿ ಖರ್ಚು ಶೇ. 25ರಷ್ಟು ಇಳಿದರೆ, ಬಾಗಿಲು ಹಾಕಿದ ಡೆನ್ಮಾರ್ಕ್‌ನಲ್ಲಿ ಶೇ. 29.

ನಮ್ಮಲ್ಲಿ? 2020ರ ಮಾರ್ಚ್ 24ರ ರಾತ್ರಿ 8ಕ್ಕೆ ಘೋಷಣೆ, ನಾಲ್ಕೇ ಗಂಟೆಯಲ್ಲಿ ಇಡೀ ದೇಶ ಬಂದ್. ಕರ್ನಾಟಕದ ಗಡಿಯ ಅತ್ತಿಬೆಲೆಯಲ್ಲೂ ಷಟರ್ ಕೆಳಗೆ, ಗಡಿಯಾಚೆ ತಮಿಳುನಾಡಿನ ಹೊಸೂರಿನಲ್ಲೂ ಕೆಳಗೆ. ಹೋಲಿಸುವುದು ಯಾವುದಕ್ಕೆ? ಮೇ ತಿಂಗಳಲ್ಲಿ ಕೆಂಪು, ಕಿತ್ತಳೆ, ಹಸಿರು ವಲಯ ಬಂದವಲ್ಲ ಅನ್ನಬಹುದು. ಆದರೆ ಬಣ್ಣ ಹಚ್ಚಿದ್ದೇ ಸೋಂಕಿನ ಲೆಕ್ಕ ನೋಡಿಕೊಂಡು. ಕೆಂಪು ಜಿಲ್ಲೆಯಲ್ಲಿ ನಿರ್ಬಂಧವೂ ಹೆಚ್ಚು, ಭಯವೂ ಹೆಚ್ಚು. ಎರಡನ್ನೂ ಬಿಡಿಸುವುದು ಬಲು ಕಷ್ಟ.

ಮಾಹಿತಿಯದ್ದೂ ಇದೇ ಗೋಳು. ಕಾರ್ಡ್ ಉಜ್ಜದ ದಿನಗೂಲಿಯವರು ಬ್ಯಾಂಕ್ ಲೆಕ್ಕದಲ್ಲಿ ಸಿಗುವುದಿಲ್ಲ. ಹಾಗಾಗಿ ಸಂಶೋಧಕರು ಹೆಚ್ಚಾಗಿ ಆತುಕೊಂಡದ್ದು ಆರ್ಥಿಕ ಅಂಕಿಅಂಶ ಕಲೆಹಾಕುವ ಖಾಸಗಿ ಸಂಸ್ಥೆ ಸಿಎಂಐಇಯ ಮನೆ-ಮನೆ ಸಮೀಕ್ಷೆಯನ್ನು. 2020ರ ಏಪ್ರಿಲ್‌ನಲ್ಲಿ ನಿರುದ್ಯೋಗ ಶೇ. 23ರ ಮೇಲೆ ಹೋಯಿತೆಂದು ಹೇಳಿದ್ದು ಅದೇ. ತುಂಬಾ ಉಪಯೋಗಕ್ಕೆ ಬಂದ ಸಮೀಕ್ಷೆ, ಅನುಮಾನವಿಲ್ಲ. ಆದರೆ ಹಳ್ಳಿಯಲ್ಲಿ ಅದಕ್ಕೆ ಮನೆ ಆರಿಸುವುದು ಮುಖ್ಯ ಬೀದಿಯಿಂದ ಶುರುವಾಗುತ್ತದೆ. ಅಲ್ಲಿ ಸಾಕಷ್ಟು ಮನೆ ಸಿಗದಿದ್ದರೆ ಮಾತ್ರ ಒಳಗೇರಿಗೆ. ಊರಂಚಿನ ಕಾಲೋನಿಯವರೆಗೆ ಹೋಗುವ ಅಗತ್ಯವೇ ಬಾರದೆ ಇರಬಹುದು. ಅರ್ಥಶಾಸ್ತ್ರಜ್ಞ ಜೀನ್ ಡ್ರೇಜ್ ಮತ್ತು ಸಂಶೋಧಕ ಅನ್ಮೋಲ್ ಸೋಮಂಚಿ 2021ರಲ್ಲಿ ಎತ್ತಿದ್ದು ಇದನ್ನೇ, ಬಡವರು ಈ ಸಮೀಕ್ಷೆಯಲ್ಲಿ ಕಡಿಮೆ ಸಿಗುತ್ತಾರೆಂದು. ಇದರ ಮೇಲೆ, ಲಾಕ್‌ಡೌನ್‌ನಲ್ಲಿ ಮನೆಭೇಟಿ ನಿಂತು ಎಲ್ಲವೂ ಫೋನಿನಲ್ಲಿ ನಡೆಯಿತು. ಉತ್ತರ ಕೊಟ್ಟ ಮನೆಗಳ ಸಂಖ್ಯೆ ಗಣನೀಯವಾಗಿ ಇಳಿಯಿತು. ಆ ಏಪ್ರಿಲ್-ಮೇನಲ್ಲಿ ಹೆದ್ದಾರಿಯಲ್ಲಿ ಮೂಟೆ ಹೊತ್ತು ಊರಿನತ್ತ ನಡೆಯುತ್ತಿದ್ದ ಕುಟುಂಬ ಫೋನ್ ಎತ್ತಿ ಖರ್ಚಿನ ಲೆಕ್ಕ ಕೊಟ್ಟಿರುತ್ತದೆಯೇ?