ಸತ್ಯಾಂಶ: ಮುಳ್ಳಯ್ಯನಗಿರಿ ಇಳಿದ ಮರುದಿನದ ಕಾಲುನೋವಿಗೆ ಲ್ಯಾಕ್ಟಿಕ್ ಆಮ್ಲ ಕಾರಣವೇ?

‘ಬೆಟ್ಟ ಹತ್ತಿದ ಮೇಲೆ ಕಾಲಲ್ಲಿ ಲ್ಯಾಕ್ಟಿಕ್ ಆಮ್ಲ ಉಳಿದುಬಿಡುತ್ತದೆ, ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಕುಡಿದರೆ ಕರಗುತ್ತದೆ’ ಎಂಬ ವಾಟ್ಸಾಪ್ ಸಂದೇಶ ಚಿಕ್ಕಮಗಳೂರಿನ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ಏದುಸಿರು ಬಿಡುತ್ತಾ ಹತ್ತುವಾಗ ಸ್ನಾಯುಗಳಲ್ಲಿ ಲ್ಯಾಕ್ಟೇಟ್ (ಮೈಯೊಳಗೆ ಲ್ಯಾಕ್ಟಿಕ್ ಆಮ್ಲ ಇರುವ ರೂಪ) ಹೆಚ್ಚುವುದು ನಿಜ. ಆದರೆ ಕೂತು ಸುಧಾರಿಸಿಕೊಂಡರೆ ಸುಮಾರು ಒಂದು ಗಂಟೆಯೊಳಗೆ ಅದು ಮೊದಲಿನ ಮಟ್ಟಕ್ಕೆ ಇಳಿದಿರುತ್ತದೆ. ಹೃದಯ ಅದನ್ನು ಇಂಧನವಾಗಿ ಉರಿಸುತ್ತದೆ, ಯಕೃತ್ತು ಮತ್ತೆ ಗ್ಲೂಕೋಸ್ ಮಾಡುತ್ತದೆ. ನೋವು ಜೋರಾಗುವುದು 24ರಿಂದ 72 ಗಂಟೆಗಳ ನಡುವೆ.

ನಿಜವಾದ ಕಾರಣ ಇಳಿಜಾರು. ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಮೊಟಕಾಗುತ್ತಾ ಮೈಯನ್ನು ಎತ್ತುತ್ತದೆ. ಬೆಟ್ಟದ ಕಾಲುಹಾದಿಯಾದ ಸರ್ಪದಾರಿಯಲ್ಲಿ ಇಳಿಯುವಾಗ ಪ್ರತಿ ಹೆಜ್ಜೆಗೂ ಮಂಡಿ ಮಡಚುತ್ತದೆ, ಅದೇ ಸ್ನಾಯು ಬಿಗಿಹಿಡಿದುಕೊಂಡೇ ಉದ್ದವಾಗುತ್ತಾ ಬ್ರೇಕಿನ ಕೆಲಸ ಮಾಡುತ್ತದೆ. ಆ ಎಳೆತಕ್ಕೆ ಎಳೆಗಳೊಳಗೆ ಸೂಕ್ಷ್ಮ ಹಾನಿಯಾಗಿ, ಉರಿಯೂತ ಬಂದು, ಮುಟ್ಟಿದರೂ ನೋಯುತ್ತದೆ. ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವುದೇ ಕಷ್ಟವೆನಿಸುವುದು ಇದಕ್ಕೇ.

ಸೋಡಾದಿಂದ ಈ ಹಾನಿ ಸರಿಹೋಗದು. ಅದರಲ್ಲಿ ಸೋಡಿಯಂ ಬಹಳ, ಬಿಪಿ ಅಥವಾ ಮೂತ್ರಪಿಂಡದ ತೊಂದರೆ ಇರುವವರು ದಯವಿಟ್ಟು ಕುಡಿಯಬೇಡಿ. ಮೆಲ್ಲಗೆ ನಡೆದಾಡಿ, ಚೆನ್ನಾಗಿ ನಿದ್ದೆ ಮಾಡಿ. ಸಾಮಾನ್ಯವಾಗಿ ವಾರದೊಳಗೆ ವಾಸಿಯಾಗುತ್ತದೆ. ಮುಂದಿನ ಸಲ ಪುಟ್ಟ ಹೆಜ್ಜೆ ಇಟ್ಟು, ಕೋಲೂರಿ ಇಳಿಯಿರಿ. ಒಮ್ಮೆ ಪಳಗಿದ ಸ್ನಾಯು ಕೆಲವು ವಾರಗಳವರೆಗೆ ಅಷ್ಟು ನೋಯುವುದಿಲ್ಲ; ಇಳಿಜಾರಿನ ಕಾಫಿ ತೋಟದಲ್ಲಿ ದಿನವೂ ಓಡಾಡುವವರನ್ನೇ ನೋಡಿ.

ಮೂತ್ರ ಕಡುಗಂದು ಬಣ್ಣಕ್ಕೆ ತಿರುಗಿದರೆ, ಅಥವಾ ಒಂದೇ ಮೀನಖಂಡ ಊದಿಕೊಂಡು ಬಿಸಿಯಾಗಿದ್ದರೆ, ಅದೇ ದಿನ ಆಸ್ಪತ್ರೆಗೆ ಹೋಗಿ.