ಕಾರವಾರದಲ್ಲೊಂದು ಕುರ್ಚಿ

ಟೆಂಡರ್ ಪ್ರಕಟಣೆಗಳ ಹೊಸ ಚಾಳಿ ನೀವೂ ನೋಡಿರುತ್ತೀರಿ. ಕೆಲಸ ಏನು ಅಂತ ಎರಡು ಸಾಲು. ಆ ಕೆಲಸ ಮಾಡುವವನು ಎಲ್ಲಿ ಕೂತಿರಬೇಕು ಅಂತ ಎರಡು ಪುಟ. 'ಸ್ಥಳೀಯವಾಗಿ ಕಚೇರಿ ಹೊಂದಿರತಕ್ಕದ್ದು.' ಆ 'ತಕ್ಕದ್ದು' ಬಂದ ಮೇಲೆ ಮುಗೀತು, ಮಾತಿಲ್ಲ.

ನಮ್ಮ ಭಾವ ಶಿರಸಿಯಲ್ಲಿ ಕಂಪ್ಯೂಟರ್ ಕೆಲಸ ಮಾಡಿಕೊಂಡಿದ್ದಾನೆ. ಕಾರವಾರದ ಒಂದು ಕಚೇರಿಯ ವೆಬ್‌ಸೈಟ್ ನೋಡಿಕೊಳ್ಳುವ ಟೆಂಡರಿಗೆ ಅರ್ಜಿ ಹಾಕಿದ. ಆ ವೆಬ್‌ಸೈಟ್ ಇರುವುದು ಕಾರವಾರದಲ್ಲಲ್ಲ, ಯಾವುದೋ ದೂರದ ಊರಿನ ಸರ್ವರಿನಲ್ಲಿ. ಆದರೆ ಅದನ್ನು ನೋಡಿಕೊಳ್ಳುವವನು ಮಾತ್ರ ಕಾರವಾರ ನಗರಸಭೆ ವ್ಯಾಪ್ತಿಯೊಳಗೇ ಇರಬೇಕಂತೆ. ಬಾಡಿಗೆ ಕರಾರು, ಕರೆಂಟ್ ಬಿಲ್, ಬೋರ್ಡಿನ ಮುಂದೆ ನಿಂತ ಫೋಟೋ, ಎಲ್ಲ ಬೇಕು.

ಸರಿ, ಮೀನು ಮಾರ್ಕೆಟ್ಟಿನ ಹತ್ತಿರ ಒಂದು ಕೋಣೆ ಹಿಡಿದ. ವಾಸನೆಗೆ ಮೂಗಿಗೆ ಪಂಚೆ ಹಿಡಿದುಕೊಂಡೇ ಕರಾರಿಗೆ ಸಹಿ ಹಾಕಿದನಂತೆ. ಒಳಗೆ ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ ಇಟ್ಟ. ಬೀಗ ಹಾಕಿ ಶಿರಸಿ ಬಸ್ ಹತ್ತಿದ. ಕೆಲಸವೆಲ್ಲ ಮನೆಯ ಮೆತ್ತಿನ ಮೇಲಿಂದಲೇ ನಡೆಯಿತು, ಒಂದು ದೂರೂ ಬರಲಿಲ್ಲ. ನಾಲ್ಕು ತಿಂಗಳ ಮೇಲೆ ಸ್ಥಳ ಪರಿಶೀಲನೆಗೆ ಬರುತ್ತೇವೆ ಅಂತ ಫೋನ್ ಬಂತು. ಬೆಳಿಗ್ಗೆ ಮೊದಲ ಬಸ್ಸಿಗೆ ಘಟ್ಟ ಇಳಿದು ಹೋದರೆ ಬೀಗ ಉಪ್ಪುಗಾಳಿಗೆ ತುಕ್ಕು ಹಿಡಿದು ಕೂತಿತ್ತು. ಪಕ್ಕದ ಅಂಗಡಿಯಿಂದ ತೆಂಗಿನೆಣ್ಣೆ ತಂದು ಬಿಟ್ಟು, ಎರಡೂ ಕೈಯಲ್ಲಿ ತಿರುಗಿಸಿ ತೆಗೆದ. ಸಾಹೇಬರು ಬಂದರು, ಕುರ್ಚಿ ನೋಡಿದರು, ಮೊಬೈಲಿನಲ್ಲಿ ಅಕ್ಷಾಂಶ ರೇಖಾಂಶ ಸಮೇತ ಫೋಟೋ ತೆಗೆದರು. ವೆಬ್‌ಸೈಟ್ ತೆರೆದು ನೋಡಿದರಾ? ಅದು ಪರಿಶೀಲನಾ ಪಟ್ಟಿಯಲ್ಲಿ ಇರಲಿಲ್ಲ.

ಹಾಗಂತ ಜಾಗದ ಷರತ್ತೆಲ್ಲ ಸುಳ್ಳು ಅಂತ ನಾನು ಹೇಳುವುದಿಲ್ಲ. ಡಾಂಬರು ಕೆಲಸ ನೋಡಿ. ಜಲ್ಲಿ, ಡಾಂಬರು ಕಾಯಿಸಿ ಬೆರೆಸುವ ಹಾಟ್ ಮಿಕ್ಸ್ ಪ್ಲಾಂಟ್ ಹತ್ತಿರ ಇರಬೇಕು ಅನ್ನುವುದಕ್ಕೆ ಅರ್ಥ ಇದೆ. ಮಾಮೂಲಿ ವಿಜಿ 30 ದರ್ಜೆಯ ಡಾಂಬರಿನ ಮಿಶ್ರಣ ಹಾಸುವಾಗ ಕನಿಷ್ಠ 140 ಡಿಗ್ರಿ ಬಿಸಿ ಇರಬೇಕು, 90ಕ್ಕಿಂತ ಕೆಳಗೆ ಇಳಿಯುವ ಮೊದಲು ರೋಲರ್ ಓಡಿ ಮುಗಿಯಬೇಕು. ಆರಿದ ಡಾಂಬರು ಆರಿದ ದೋಸೆ ಇದ್ದ ಹಾಗೆ, ಎಷ್ಟು ಒತ್ತಿದರೂ ಅಷ್ಟೇ. ಅಲ್ಲೂ ನಮ್ಮವರು ಕಿಲೋಮೀಟರ್ ಲೆಕ್ಕ ಬರೆಯುತ್ತಾರೆ. ದೇವಿಮನೆ ಘಟ್ಟದಲ್ಲಿ ಒಂದು ಲಾರಿ ಕೆಟ್ಟು ಅಡ್ಡ ನಿಂತರೆ ಹತ್ತು ಕಿಲೋಮೀಟರೂ ಅರ್ಧ ದಿನ. ಇನ್ನು 'ಮಳೆಗಾಲ ಸೇರಿ ಒಂಬತ್ತು ತಿಂಗಳು' ಅಂತ ಮೇ ಕೊನೆಗೆ ಕಾರ್ಯಾದೇಶ ಕೊಡುವ ಪುಣ್ಯಾತ್ಮರು ಕರಾವಳಿಯ ಜೂನ್ ತಿಂಗಳು ಕಂಡವರೇ ಅಲ್ಲ, ಬಿಡಿ.

ಡಾಂಬರು ಆರುತ್ತದೆ, ಒಪ್ಪಿದೆ. ವೆಬ್‌ಸೈಟ್ ಆರುತ್ತದಾ? ಶಿರಸಿಯಿಂದ ಕಾರವಾರಕ್ಕೆ ಬರುವಷ್ಟರಲ್ಲಿ ಪಾಸ್‌ವರ್ಡ್ ಹಳಸುತ್ತದಾ?

ಛತ್ತೀಸಗಢದಲ್ಲೂ ಇಂಥದ್ದೇ ಆಗಿತ್ತು. ಶಾಲೆ ಮಕ್ಕಳಿಗೆ ಆಟದ ಸಾಮಾನು ಕೊಡುವ ಟೆಂಡರ್. ಹಿಂದಿನ ಮೂರು ವರ್ಷದಲ್ಲಿ ಅದೇ ರಾಜ್ಯದ ಸರ್ಕಾರಿ ಸಂಸ್ಥೆಗಳಿಗೆ 6 ಕೋಟಿ ರೂಪಾಯಿಯ ಆಟದ ಸಾಮಾನು ಕೊಟ್ಟಿರಬೇಕು ಅಂತ ಷರತ್ತು. ಯಾಕಪ್ಪಾ ಅಂದರೆ, ನಮ್ಮದು ಮಾವೋವಾದಿಗಳ ಹಾವಳಿ ಇರುವ ರಾಜ್ಯ ಅಂದರು. ಚೆಂಡಿಗೂ ಅಲ್ಲಿನ ಕಾಡಿನ ಪರಿಚಯ ಇರಬೇಕು ಅಲ್ವಾ! 2025ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಆ ಷರತ್ತನ್ನು ರದ್ದು ಮಾಡಿತು, ಹೊರಗಿನವರಿಗೆ ಬಾಗಿಲು ಹಾಕುವುದು ಸರಿಯಲ್ಲ ಅಂತ. ಆ ತೀರ್ಪು ನಮ್ಮ ಕಡೆಗೂ ಹೊರಟಿರಬೇಕು. ಘಟ್ಟದಲ್ಲಿ ಆ ಲಾರಿಯ ಹಿಂದೆ ನಿಂತಿದೆಯೋ ಏನೋ.

ನಮ್ಮ ಕರ್ನಾಟಕದಲ್ಲೂ ಸರ್ಕಾರಿ ಖರೀದಿಗೆ ಅಂತ 1999ರ ಪಾರದರ್ಶಕತೆ ಕಾಯ್ದೆ ಇದೆ. ಎಲ್ಲರಿಗೂ ಕಾಣುವ ಹಾಗೆ ಟೆಂಡರ್ ಕರೆಯಿರಿ ಅನ್ನುವುದು ಅದರ ಸಾರ. ಆ ಕಾಯ್ದೆಯಲ್ಲೇ 4ಜಿ ಅಂತ ಒಂದು ಕಲಮು ಇದೆ, ಟೆಂಡರ್ ಇಲ್ಲದೇ ಕೆಲಸ ಕೊಡಲು ಸರ್ಕಾರ ವಿನಾಯಿತಿ ಕೊಡಬಹುದು. ನಮ್ಮ ಹಳ್ಳಿಗೆ ಇನ್ನೂ 4ಜಿ ಸಿಗ್ನಲ್ ಬಂದಿಲ್ಲ, ಮಾತಾಡಬೇಕೆಂದರೆ ತೋಟದ ಅಂಚಿಗೆ ಹೋಗಬೇಕು. 4ಜಿ ವಿನಾಯಿತಿ ಮಾತ್ರ ಫುಲ್ ರೇಂಜ್. ಅದಕ್ಕೆ ಕುರ್ಚಿ, ಕೋಣೆ, ಕರೆಂಟ್ ಬಿಲ್ ಯಾವುದರ ತಾಪತ್ರಯವೂ ಇಲ್ಲ.

ನಗುತ್ತಾ ಬರೆಯಬೇಕು ಅಂತಲೇ ಕೂತಿದ್ದೆ. ಆದರೆ 'ಸ್ಥಳೀಯ' ಅನ್ನುವ ಶಬ್ದ ನೋಡಿದಾಗೆಲ್ಲ ನನಗೆ 2024ರ ಆಗಸ್ಟ್ 6-7ರ ನಡುರಾತ್ರಿ ನೆನಪಾಗುತ್ತದೆ. ಕಾರವಾರದ ಕೋಡಿಬಾಗ, ಸದಾಶಿವಗಡದ ನಡುವಿನ ಹಳೇ ಕಾಳಿ ಸೇತುವೆ ಮುರಿದು ಬಿತ್ತು. ಒಂದು ಲಾರಿಯೂ ಹೊಳೆಗೆ ಬಿತ್ತು. ಆ ಕತ್ತಲಲ್ಲಿ ಚಾಲಕನನ್ನು ಮೇಲೆ ತಂದದ್ದು ಮೀನುಗಾರರು ಮತ್ತು ಪೊಲೀಸರು. ಆ ಮೀನುಗಾರರಿಗೆ ಟೆಂಡರಿಗೆ ಕಟ್ಟುವ ಠೇವಣಿ, ಅದೇ ಇಎಂಡಿ, ಯಾವುದೂ ಇರಲಿಲ್ಲ, ಅನುಭವ ಪತ್ರವೂ ಇರಲಿಲ್ಲ. ಅವರು ಅಲ್ಲಿದ್ದರು, ಅಷ್ಟೇ. ದಿನಾ ಸಾವಿರಾರು ಗಾಡಿ ಓಡಾಡುವ ಸೇತುವೆಯ ಗಟ್ಟಿತನ ನೋಡಲು ಯಾರಿಗೂ ಪುರಸೊತ್ತಿಲ್ಲ. ಬಾಡಿಗೆ ಕೋಣೆಯ ಪ್ಲಾಸ್ಟಿಕ್ ಕುರ್ಚಿಯ ಅಕ್ಷಾಂಶ ಅಳೆಯಲು ಜೀಪು, ಡ್ರೈವರ್, ಡೀಸೆಲ್ ಎಲ್ಲ ಇದೆ. ಸಾಕಾಗಿದೆ, ನಿಜವಾಗಿ ಸಾಕಾಗಿದೆ.

ಮೊನ್ನೆ ರಾತ್ರಿ ಭಾವನ ಫೋನ್ ಬಂತು. ದನಿ ಕಡಿದು ಕಡಿದು ಕೇಳುತ್ತಿತ್ತು. ತೋಟದ ಅಂಚಿನಲ್ಲೇ ನಿಂತಿದ್ದನೇನೋ. ಭಟ್ಕಳದಲ್ಲಿ ಹೊಸ ಟೆಂಡರ್ ಆಗಿದೆಯಂತೆ, ಅದೇ ಷರತ್ತು.

"ನಿನ್ನ ಓಮ್ನಿ ಖಾಲಿ ಇದ್ದ ಭಾವ? ಕುರ್ಚಿ ತಗಂಡ್ ಹೋಗವು."